ದ್ವೀಪದ ಬಾಗಿಲು ಮತ್ತು ಕಾಯುವ ಕಾಲ: ಲಕ್ಷದ್ವೀಪದ ಕೋವಿಡ್ ಪ್ರವೇಶನಿಯಮಗಳ ಒಂದು ವಿಮರ್ಶೆ

೧

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ರೋಗದ ಹುಟ್ಟು, ಅದು ಹರಡಿದ ಹಾದಿ, ಅದಕ್ಕೆ ಬಲಿಯಾದವರ ಸಂಖ್ಯೆ ಇವುಗಳನ್ನು ಕುರಿತು ವಿಸ್ತಾರವಾಗಿ ವಿವೇಚಿಸುವುದುಂಟು. ರೋಗವನ್ನು ತಡೆಯುವುದಕ್ಕಾಗಿ ಆಯಾ ಕಾಲದ ಆಡಳಿತಗಳು ಹೊರಡಿಸಿದ ಆಜ್ಞೆಗಳನ್ನಾದರೋ ಅನುಬಂಧದಲ್ಲಿ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಇದು ಸರಿಯಾದ ಕ್ರಮವೆಂದು ತೋರುವುದಿಲ್ಲ. ಶಾಸನ, ಕಡತ, ಕೈಫಿಯತ್ತುಗಳಂತೆ ಈ ಆಜ್ಞೆಗಳೂ ಚರಿತ್ರೆಯ ಆಕರಗಳೇ. ಆಳುವವರು ಯಾರನ್ನು ಶಂಕಿಸಿದರು, ಯಾರ ಮಾತನ್ನು ನಂಬಿದರು, ಯಾವ ನಷ್ಟವನ್ನು ಸಹಿಸಿಕೊಳ್ಳಬಹುದೆಂದು ಎಣಿಸಿದರು ಎಂಬ ಸಂಗತಿಗಳೆಲ್ಲ ಅವುಗಳ ಒಳಗೆ ಅಡಗಿರುತ್ತವೆ. ಅವನ್ನು ಹೊರತೆಗೆದು ಪರಿಶೀಲಿಸುವುದು ವಿಮರ್ಶೆಯ ಕೆಲಸ.

ಪ್ರಕೃತ ಲೇಖನದ ವಿಷಯ, ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಲಕ್ಷದ್ವೀಪಕ್ಕೆ ಬರುವ ಪ್ರಯಾಣಿಕರಿಗೆ ಕೋವಿಡ್ ರೋಗದ ಸಂಬಂಧದಲ್ಲಿ ವಿಧಿಸಲಾಗಿದ್ದ ಎರಡು ನಿಯಮಗಳು. ಮೊದಲನೆಯ ನಿಯಮವು ಪ್ರಯಾಣಿಕನು ಕಾಯಬೇಕೆಂದು ಹೇಳಿತು. ಎರಡನೆಯದು ಆತನಿಂದ ಪರೀಕ್ಷೆಯ ಪತ್ರವೊಂದನ್ನು ಕೇಳಿ ಹಡಗು ಹತ್ತಿಸಿತು. ಈ ಎರಡರ ನಡುವಣ ವ್ಯತ್ಯಾಸವು ಮೇಲುನೋಟಕ್ಕೆ ಕಚೇರಿಯ ಒಂದು ಕ್ರಮದ ಬದಲಾವಣೆಯಂತೆ ಕಾಣಬಹುದು. ವಾಸ್ತವದಲ್ಲಿ ಅದು ಅರುವತ್ತು ಸಾವಿರಕ್ಕೂ ಮಿಕ್ಕ ಜನರ ಜೀವಕ್ಕೆ ಸಂಬಂಧಿಸಿದ ನಿರ್ಧಾರವಾಗಿತ್ತು.

ಇಂಥ ನಿಯಮವನ್ನು ಅಳೆಯಲು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ. ನಿಯಮವು ರೋಗದ ಸ್ವಭಾವಕ್ಕೆ ಹೊಂದಿಕೊಂಡಿದೆಯೇ? ಅದರ ಭಾರವು ನ್ಯಾಯವಾಗಿ ಹಂಚಿಕೆಯಾಗಿದೆಯೇ? ಅದನ್ನು ಮಾಡುವಾಗಲೂ ಬದಲಾಯಿಸುವಾಗಲೂ ಜನರಿಗೆ ಕಾರಣವನ್ನು ಹೇಳಿ ಅವರ ಮಾತನ್ನು ಕೇಳಲಾಯಿತೇ? ಮುಂದಿನ ಭಾಗಗಳಲ್ಲಿ ಈ ಪ್ರಶ್ನೆಗಳನ್ನು ಒಂದೊಂದಾಗಿ ಎತ್ತಿಕೊಳ್ಳಲಾಗಿದೆ.

೨

ಮೊದಲು ಪೂರ್ವಚರಿತ್ರೆಯನ್ನು ಸಂಗ್ರಹವಾಗಿ ನೋಡಬಹುದು. ಏಡ್ರಿಯಾಟಿಕ್ ಕಡಲ ತೀರದ ರಗೂಸ ಪಟ್ಟಣದ ಮಹಾಸಭೆಯು ೧೩೭೭ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ಪ್ಲೇಗು ಇರುವ ಸ್ಥಳಗಳಿಂದ ಬಂದವರು ಪಟ್ಟಣವನ್ನು ಪ್ರವೇಶಿಸುವುದಕ್ಕೆ ಮೊದಲು ಸಮೀಪದ ಮ್ರ್ಕಾನ್ ಎಂಬ ಚಿಕ್ಕ ದ್ವೀಪದಲ್ಲಿ ಅಥವಾ ಚಾವ್ಟಾಟ್ ಊರಿನಲ್ಲಿ ಮೂವತ್ತು ದಿನ ಕಳೆಯಬೇಕಾಗಿತ್ತು. ವೆನಿಸ್ ನಗರದವರು ೧೪೨೩ರಲ್ಲಿ ತಮ್ಮ ಖಾರಿಯ ಒಂದು ದ್ವೀಪದಲ್ಲಿ ರೋಗಿಗಳಿಗಾಗಿ ಆಲಯವನ್ನು ಸ್ಥಾಪಿಸಿದರು. ಮೂವತ್ತು ದಿನ ನಲವತ್ತಾಯಿತು; ನಲವತ್ತು ಎಂಬ ಅರ್ಥದ ಇಟಾಲಿಯನ್ ಮಾತಿನಿಂದಲೇ ಕ್ವಾರಂಟೈನು ಎಂಬ ಹೆಸರು ಹುಟ್ಟಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಹಳೆಯ ವ್ಯವಸ್ಥೆಯಲ್ಲಿ ದೊಡ್ಡ ನೆಲವನ್ನು ಕಾಪಾಡುವುದಕ್ಕಾಗಿ ದ್ವೀಪವನ್ನು ಬಳಸಿಕೊಳ್ಳುತ್ತಿದ್ದರು. ದ್ವೀಪವೇ ತನ್ನನ್ನು ದೊಡ್ಡ ನೆಲದಿಂದ ಕಾಪಾಡಿಕೊಳ್ಳಬೇಕಾದ ಸಂದರ್ಭ ಬೇರೆ ಬಗೆಯದು.

ಆ ಬಗೆಯ ಸಂದರ್ಭಕ್ಕೆ ಪ್ರಸಿದ್ಧವಾದ ನಿದರ್ಶನ ಉತ್ತರ ಅಟ್ಲಾಂಟಿಕಿನ ಫೆರೋ ದ್ವೀಪಗಳದು. ೧೮೪೬ನೆಯ ಮಾರ್ಚಿ ತಿಂಗಳಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಒಬ್ಬ ಬಡಗಿಯ ಮೂಲಕ ದಡಾರ ಅಲ್ಲಿಗೆ ತಲುಪಿತು. ದ್ವೀಪಗಳ ಜನಸಂಖ್ಯೆ ೭,೭೮೨. ಅವರಲ್ಲಿ ಸುಮಾರು ೬,೦೦೦ ಮಂದಿ ಕಾಯಿಲೆ ಬಿದ್ದರು. ಡೆನ್ಮಾರ್ಕಿನ ಸರಕಾರ ಕಳುಹಿಸಿದ ತರುಣ ವೈದ್ಯ ಪೀಟರ್ ಲುಡ್ವಿಗ್ ಪಾನುಮ್ ಊರಿಂದೂರಿಗೆ ಹೋಗಿ, ಯಾರು ಯಾರನ್ನು ಯಾವ ದಿನ ಭೇಟಿಯಾದರು, ಎಷ್ಟನೆಯ ದಿನ ಮೈಮೇಲೆ ಗುಳ್ಳೆಗಳೆದ್ದುವು ಎಂಬುದನ್ನು ಬರೆದುಕೊಂಡನು. ಸಂಪರ್ಕಕ್ಕೂ ಗುಳ್ಳೆಗಳಿಗೂ ನಡುವೆ ಹದಿಮೂರು ಹದಿನಾಲ್ಕು ದಿನಗಳ ಅಂತರವಿರುತ್ತದೆಂದು ಅವನಿಗೆ ಗೊತ್ತಾಯಿತು. ೧೭೮೧ರಲ್ಲಿ ಒಮ್ಮೆ ದಡಾರವನ್ನು ಅನುಭವಿಸಿದ್ದ ೯೮ ಮಂದಿ ವೃದ್ಧರಲ್ಲಿ ಒಬ್ಬರಿಗೂ ಅದು ಮತ್ತೆ ಬರಲಿಲ್ಲವೆಂಬುದನ್ನೂ ಅವನು ಕಂಡುಹಿಡಿದನು. ರೋಗವು ದೇಹದಲ್ಲಿ ಕಾಣದೆ ಕುಳಿತಿರುವ ಒಂದು ಸುಪ್ತಕಾಲವುಂಟೆಂಬ ಮಾತಿಗೆ ದಿನಗಳ ಲೆಕ್ಕವನ್ನು ಕೊಟ್ಟ ಹಿರಿಮೆ ಹೀಗೆ ದ್ವೀಪಗಳಿಗೆ ಸಲ್ಲುತ್ತದೆ.

ಆ ಲೆಕ್ಕವನ್ನು ಅಲಕ್ಷಿಸಿದವರು ಪಟ್ಟ ಪಾಡು ಮುಂದಿನ ಎರಡು ಪ್ರಸಂಗಗಳಲ್ಲಿದೆ. ೧೮೭೫ರ ಜನವರಿಯಲ್ಲಿ ಫಿಜಿ ದ್ವೀಪಗಳ ಅರಸ ಥಾಕೊಂಬೌ ಸಿಡ್ನಿಯಿಂದ ಬ್ರಿಟಿಷ್ ಯುದ್ಧನೌಕೆಯಲ್ಲಿ ಹಿಂದಿರುಗಿದಾಗ ಅವನ ಪರಿವಾರದಲ್ಲಿ ದಡಾರವಿತ್ತು. ನೌಕೆಯನ್ನು ತಡೆಯಲಿಲ್ಲ. ಅರಸನನ್ನು ಕಾಣಲು ನೆರೆದ ನಾಯಕರು ತಂತಮ್ಮ ಊರುಗಳಿಗೆ ರೋಗವನ್ನೂ ಕೊಂಡೊಯ್ದರು. ಕೆಲವೇ ತಿಂಗಳಲ್ಲಿ ಸುಮಾರು ೪೦,೦೦೦ ಜನ ಸತ್ತರು. ೧೯೧೮ರ ನವೆಂಬರ್ ೭ರಂದು ಆಕ್ಲೆಂಡಿನಿಂದ ಬಂದ ತಾಲೂನೆ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯ ಬಂದರಿನಲ್ಲಿ ಇನ್‌ಫ್ಲುಯೆಂಜಾ ರೋಗಿಗಳನ್ನು ಇಳಿಸಿತು. ಅಲ್ಲಿಯ ಜನರಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ, ಎಂದರೆ ಸುಮಾರು ೮,೫೦೦ ಜನ, ಮೃತರಾದರು. ಸಮೀಪದಲ್ಲೇ ಇದ್ದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಬಂದರನ್ನು ಬಿಗಿಯಾಗಿ ಕಾಯಿಸಿದನು; ಆ ರೋಗದಿಂದ ಅಲ್ಲಿ ಒಬ್ಬರೂ ಸಾಯಲಿಲ್ಲ. ಎರಡು ಕಡೆಯೂ ಜನ ಒಂದೇ ಕುಲದವರು, ಕಡಲು ಒಂದೇ, ರೋಗವೂ ಒಂದೇ. ಭೇದವಿದ್ದುದು ಬಂದರಿನ ನಿಯಮದಲ್ಲಿ ಮಾತ್ರ.

೩

ಲಕ್ಷದ್ವೀಪ ಕನ್ನಡಿಗರಿಗೆ ತೀರ ಅಪರಿಚಿತವಾದ ಪ್ರದೇಶವಲ್ಲ. ಅದರ ಉತ್ತರದ ಅಮೀನ್‌ದೀವಿ ಗುಂಪಿಗೆ ಸೇರಿದ ಅಮೀನಿ, ಕಡಮತ್, ಕಿಲ್ತಾನ್, ಚೆತ್‌ಲತ್, ಬಿತ್ರ ಎಂಬ ದ್ವೀಪಗಳು ೧೭೮೦ರ ದಶಕದಲ್ಲಿ ಟೀಪು ಸುಲ್ತಾನನ ಆಡಳಿತಕ್ಕೆ ಬಂದು, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ವಶವಾದುವು. ಅನಂತರ ದಕ್ಷಿಣ ಕನ್ನಡ ಜಿಲ್ಲೆಯೊಡನೆ ಕೂಡಿದ್ದು, ೧೯೫೬ರ ನವೆಂಬರ್ ೧ರಂದು ಉಳಿದ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾದುವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಅಕ್ಕಿ, ಔಷಧ, ವಿದ್ಯೆ, ದೊಡ್ಡ ಚಿಕಿತ್ಸೆ ಎಲ್ಲಕ್ಕೂ ಈ ದ್ವೀಪಗಳು ಹೊರನಾಡನ್ನು ಅವಲಂಬಿಸಿರುವುದು ಇಂದು ನೆನ್ನೆಯ ಸಂಗತಿಯಲ್ಲವೆಂದು ಇದರಿಂದ ತಿಳಿಯುತ್ತದೆ. ಬಾಗಿಲನ್ನು ಶಾಶ್ವತವಾಗಿ ಮುಚ್ಚಿಕೊಂಡು ಬದುಕುವ ಅನುಕೂಲ ಅವುಗಳಿಗೆ ಎಂದೂ ಇರಲಿಲ್ಲ.

ರೋಗಿಯನ್ನು ಪ್ರತ್ಯೇಕಿಸುವ ರೂಢಿಯೂ ಅಲ್ಲಿಗೆ ಹೊಸದಲ್ಲ. ದಕ್ಷಿಣದ ಮಿನಿಕಾಯ್ ದ್ವೀಪದ ಪಕ್ಕದಲ್ಲಿ ವಿರಿಂಗಿಲಿ ಎಂಬ ಪುಟ್ಟ ನಡುಗಡ್ಡೆಯೊಂದಿದೆ. ಹಿಂದೆ ಕುಷ್ಠರೋಗಿಗಳನ್ನು ಅಲ್ಲಿಗೆ ಕಳುಹಿಸಿಬಿಡುತ್ತಿದ್ದರು. ಇಂಗ್ಲಿಷರ ಬಾಯಲ್ಲಿ ಅದಕ್ಕೆ ಸಿಡುಬಿನ ದ್ವೀಪವೆಂಬ ಹೆಸರೂ ಬಿದ್ದಿತ್ತು. ಸಮಾಜವನ್ನು ಉಳಿಸುವುದಕ್ಕಾಗಿ ಮನುಷ್ಯನನ್ನು ದೂರವಿಡುವುದೆಂದರೆ ಎಷ್ಟು ಕಠಿಣವಾದ ಕೆಲಸವೆಂಬುದನ್ನು ಆ ಹೆಸರು ನೆನಪಿಗೆ ತರುತ್ತದೆ.

೨೦೧೧ರ ಜನಗಣತಿಯ ಪ್ರಕಾರ ಲಕ್ಷದ್ವೀಪದ ಜನಸಂಖ್ಯೆ ೬೪,೪೭೩. ವಸತಿಯಿರುವ ದ್ವೀಪಗಳು ಹತ್ತು. ಎಲ್ಲವೂ ಕೂಡಿ ವಿಸ್ತೀರ್ಣ ಸುಮಾರು ೩೨ ಚದರ ಕಿಲೋಮೀಟರು. ಕೊಚ್ಚಿಯಿಂದ ಹಡಗಿನ ಪಯಣ ದ್ವೀಪದಿಂದ ದ್ವೀಪಕ್ಕೆ ವ್ಯತ್ಯಾಸವಾಗುತ್ತದಾದರೂ ಹದಿನಾಲ್ಕರಿಂದ ಇಪ್ಪತ್ತು ಗಂಟೆಯಷ್ಟಾಗುತ್ತದೆ. ಭಾರತದ ಮೊದಲ ಕೋವಿಡ್ ರೋಗಿ ೨೦೨೦ರ ಜನವರಿ ೩೦ರಂದು ಕೇರಳದಲ್ಲೇ ಪತ್ತೆಯಾದದ್ದು. ದ್ವೀಪಗಳ ಸಂಪರ್ಕ ಬಹುಮಟ್ಟಿಗೆ ಕೇರಳದ ಮೂಲಕವೇ. ಹೀಗಿರಲಾಗಿ ರೋಗವು ಕೆಲವೇ ವಾರಗಳಲ್ಲಿ ಅಲ್ಲಿಗೆ ಹೋಗುವುದೆಂದು ಯಾರಾದರೂ ಊಹಿಸಬಹುದಾಗಿತ್ತು.

ಹಾಗಾಗಲಿಲ್ಲ. ಆಡಳಿತವು ಹೊರಗಿನ ಪ್ರವಾಸಿಗಳನ್ನು ತಡೆಯಿತು. ಊರಿಗೆ ಮರಳುವ ದ್ವೀಪವಾಸಿಗಳೂ ಕೆಲಸದ ಮೇಲೆ ಹೋಗುವ ನೌಕರರೂ ಕೊಚ್ಚಿಯಲ್ಲಿ ಏಳು ದಿನ ಪ್ರತ್ಯೇಕವಾಸ ಮಾಡಬೇಕು. ಅದು ಮುಗಿದ ಮೇಲೆ ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಸಿದ್ಧವಾಗಬೇಕು. ದ್ವೀಪಕ್ಕೆ ಬಂದ ಮೇಲೂ ನಿಗದಿಯಾದಷ್ಟು ದಿನ ಮನೆಯಲ್ಲಿ ಪ್ರತ್ಯೇಕವಾಗಿರಬೇಕು. ಮೊದಲನೆಯ ನಿಯಮದ ಸಾರ ಇದು. ಇದರ ಫಲವಾಗಿ ದೇಶದ ಉಳಿದೆಲ್ಲ ರಾಜ್ಯಗಳಲ್ಲೂ ಕೇಂದ್ರಾಡಳಿತ ಪ್ರದೇಶಗಳಲ್ಲೂ ರೋಗ ಹಬ್ಬಿದ್ದ ೨೦೨೦ನೆಯ ಇಸವಿ ಪೂರ್ತಿ ಲಕ್ಷದ್ವೀಪದಲ್ಲಿ ಒಂದು ಪ್ರಕರಣವೂ ದಾಖಲಾಗಲಿಲ್ಲ. ಸುತ್ತಲೂ ಕಡಲಿದ್ದುದೇ ಇದಕ್ಕೆ ಕಾರಣವೆಂದು ಕೆಲವರು ಹೇಳಬಹುದು. ಅಂಡಮಾನ್ ದ್ವೀಪಗಳ ಸುತ್ತಲೂ ಕಡಲಿದೆ, ಅವು ಇನ್ನೂ ಹೆಚ್ಚು ದೂರದಲ್ಲಿವೆ. ಆದರೂ ೨೦೨೦ರ ಮಾರ್ಚಿ ತಿಂಗಳಲ್ಲೇ ರೋಗ ಅಲ್ಲಿಗೆ ಮುಟ್ಟಿತು. ಆದಕಾರಣ ಕಡಲು ಅನುಕೂಲವನ್ನು ಒದಗಿಸಿತು, ರಕ್ಷಣೆಯನ್ನು ಒದಗಿಸಿದ್ದು ನಿಯಮ ಎಂದು ಹೇಳುವುದು ಯುಕ್ತ.

೪

೨೦೨೦ರ ಡಿಸೆಂಬರಿನಲ್ಲಿ ಹೊಸ ಆಡಳಿತಾಧಿಕಾರಿಯಾಗಿ ಪ್ರಫುಲ್ ಖೋಡಾ ಪಟೇಲರು ಅಧಿಕಾರ ವಹಿಸಿಕೊಂಡರು. ಆ ತಿಂಗಳು ಮುಗಿಯುವುದರೊಳಗೆ ಪ್ರವೇಶದ ನಿಯಮ ಬದಲಾಯಿತು. ಕೊಚ್ಚಿಯ ಕಡ್ಡಾಯ ಪ್ರತ್ಯೇಕವಾಸ ರದ್ದಾಗಿ, ಪ್ರಯಾಣಕ್ಕೆ ಮುಂಚಿನ ೪೮ ಗಂಟೆಗಳೊಳಗೆ ಪಡೆದ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಯ ಪತ್ರವಿದ್ದರೆ ಸಾಕೆಂದಾಯಿತು. ೨೦೨೧ರ ಜನವರಿ ೧೮ರಂದು ಲಕ್ಷದ್ವೀಪದ ಮೊದಲ ಪ್ರಕರಣ ವರದಿಯಾಯಿತು. ಆ ವ್ಯಕ್ತಿ ತಿಂಗಳ ಮೊದಲ ವಾರದಲ್ಲಿ ಕೊಚ್ಚಿಯಿಂದ ಹಡಗಿನಲ್ಲಿ ಕವರತ್ತಿಗೆ ಬಂದಿದ್ದವರು. ಅಲ್ಲಿಂದ ಮುಂದೆ ರೋಗ ಹರಡುತ್ತ ಹೋಗಿ, ಒಟ್ಟು ಪ್ರಕರಣಗಳ ಸಂಖ್ಯೆ ಕೊನೆಗೆ ೧೧,೦೦೦ವನ್ನು ಮೀರಿತು. ಸತ್ತವರು ೫೨ ಮಂದಿ.

ಒಂದರ ಅನಂತರ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನುವುದು ತರ್ಕದೋಷ. ಚರಿತ್ರೆಯ ವಿದ್ಯಾರ್ಥಿಗಳಿಗೆ ನಾವು ಪಾಠದಲ್ಲಿ ಮೊದಲು ಹೇಳಿಕೊಡುವ ಎಚ್ಚರಿಕೆಗಳಲ್ಲಿ ಇದೂ ಒಂದು. ಆದುದರಿಂದ ಕಾಲಾನುಕ್ರಮವನ್ನು ಬದಿಗಿಟ್ಟು, ಎರಡನೆಯ ನಿಯಮವು ರೋಗದ ಸ್ವಭಾವಕ್ಕೆ ಹೊಂದುತ್ತಿತ್ತೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಕೋವಿಡ್ ಸೋಂಕು ತಗುಲಿದಂದಿನಿಂದ ಲಕ್ಷಣಗಳು ಕಾಣುವವರೆಗಿನ ಅವಧಿ, ಆರಂಭದ ತಳಿಗಳ ಮಟ್ಟಿಗೆ, ಸುಮಾರು ಐದು ದಿನ. ಲಕ್ಷಣ ಕಾಣಿಸಿಕೊಳ್ಳುವವರಲ್ಲಿ ನೂರಕ್ಕೆ ೯೭ ಮಂದಿಗೆ ಅದು ಹನ್ನೊಂದೂವರೆ ದಿನದೊಳಗೆ ಕಾಣಿಸುತ್ತದೆಂದು ೨೦೨೦ರ ಆರಂಭದಲ್ಲೇ ಲೆಕ್ಕ ಹಾಕಲಾಗಿತ್ತು. ಹದಿನಾಲ್ಕು ದಿನಗಳ ಪ್ರತ್ಯೇಕವಾಸದ ನಿಯಮಕ್ಕೆ ಇದೇ ಆಧಾರ. ಇನ್ನು ಪರೀಕ್ಷೆಯ ವಿಷಯ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು ೨೦೨೦ರಲ್ಲಿ ಪ್ರಕಟಿಸಿದ ವಿವೇಚನೆಯ ಪ್ರಕಾರ, ಸೋಂಕಿತನಾದವನ ರೋಗವನ್ನು ಪರೀಕ್ಷೆಯು ಗುರುತಿಸದೆ ಹೋಗುವ ಸಂಭವ ಮೊದಲ ದಿನ ನೂರಕ್ಕೆ ನೂರು. ನಾಲ್ಕನೆಯ ದಿನ ನೂರಕ್ಕೆ ೬೭. ಐದನೆಯ ದಿನ ೩೮. ಎಂಟನೆಯ ದಿನ ೨೦. ಅತ್ಯಂತ ಅನುಕೂಲವಾದ ಆ ಎಂಟನೆಯ ದಿನವೂ ಐವರಲ್ಲಿ ಒಬ್ಬನು ತಪ್ಪಿಸಿಕೊಳ್ಳುತ್ತಾನೆ. ಪರೀಕ್ಷೆ ಕೆಲಸಕ್ಕೆ ಬಾರದ್ದೆಂದು ಇದರ ಅರ್ಥವಲ್ಲ. ಸರಿಯಾದ ದಿನ ಮಾಡಿದರೆ ಅದು ಬಹಳ ಉಪಕಾರಿ. ಆ ಸರಿಯಾದ ದಿನ ಬರುವವರೆಗೆ ಕಾಯಬೇಕು ಎಂದಷ್ಟೇ ಅರ್ಥ.

ಈಗ ಎರಡು ನಿಯಮಗಳನ್ನು ಹೋಲಿಸಬಹುದು. ಮೊದಲನೆಯದರಲ್ಲಿ ಪ್ರಯಾಣಿಕನು ಏಳು ದಿನ ಕಾದ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಕೊಚ್ಚಿಗೆ ಬರುವ ಮೊದಲು ಅಂಟಿದ ಸೋಂಕು ಅಷ್ಟು ಹೊತ್ತಿಗೆ ಪರೀಕ್ಷೆಗೆ ಸಿಕ್ಕುವ ಸಂಭವ ಹೆಚ್ಚು. ಪರೀಕ್ಷೆ ತಪ್ಪಿದರೆ, ಅಥವಾ ಪ್ರತ್ಯೇಕವಾಸದಲ್ಲೋ ಹಡಗಿನಲ್ಲೋ ಸೋಂಕು ಅಂಟಿದರೆ, ದ್ವೀಪದ ಗೃಹವಾಸದ ಅವಧಿ ಅದನ್ನು ತಡೆಯುತ್ತಿತ್ತು. ಒಂದು ಕಟ್ಟೆ ಒಡೆದರೆ ನೀರನ್ನು ತಡೆಯಲು ಮತ್ತೊಂದು ಕಟ್ಟೆಯಿತ್ತು. ಎರಡನೆಯ ನಿಯಮದಲ್ಲಿ ಉಳಿದ ಮುಖ್ಯ ಕಟ್ಟೆ ಆ ಒಂದು ಪರೀಕ್ಷೆ. ಹಿಂದಿನ ದಿನ ಮದುವೆಯ ಮನೆಯಲ್ಲಿ ಸೋಂಕನ್ನು ಅಂಟಿಸಿಕೊಂಡವನು ಇಂದು ಪರೀಕ್ಷೆ ಮಾಡಿಸಿಕೊಂಡರೆ ಪತ್ರ ದೊರೆಯುತ್ತದೆ; ನಾಳೆ ಹಡಗು ಹತ್ತುತ್ತಾನೆ; ನಾಲ್ಕೈದು ದಿನಗಳಲ್ಲಿ ದ್ವೀಪದ ಜನರ ನಡುವೆ ರೋಗವನ್ನು ಹಂಚತೊಡಗುತ್ತಾನೆ. ಅವನು ನಿಯಮವನ್ನು ಮುರಿದಿಲ್ಲ, ಸುಳ್ಳು ಹೇಳಿಲ್ಲ. ನಿಷ್ಠೆಯಿಂದ ಪಾಲಿಸಿದರೂ ಇಂಥ ಫಲವನ್ನು ಕೊಡುವ ನಿಯಮದಲ್ಲಿ ದೋಷವಿರುವುದು ನಿಯಮದಲ್ಲೇ ಹೊರತು ಪ್ರಯಾಣಿಕನಲ್ಲಲ್ಲ.

ಇಲ್ಲಿ ನಮ್ಮ ಕಡೆಯದೇ ಆದ ಒಂದು ಹಳೆಯ ವ್ಯವಸ್ಥೆಯನ್ನು ನೆನೆಯುವುದು ಅಪ್ರಸ್ತುತವಾಗಲಾರದು. ೧೮೯೮ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡ ಆ ಕಾಲದಲ್ಲಿ ಮದರಾಸು ಆಧಿಪತ್ಯದವರು ಪ್ಲೇಗು ಪಾಸ್‌ಪೋರ್ಟೆಂಬ ಪತ್ರವನ್ನು ಜಾರಿಗೆ ತಂದಿದ್ದರು. ರೋಗವಿರುವ ಊರಿನಿಂದ ಬಂದವನು ಆ ಪತ್ರವನ್ನು ಹಿಡಿದು, ತಾನು ತಲುಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ನಿಗಾದಲ್ಲಿರಬೇಕಾಗಿತ್ತು. ಜನ ಅದರಿಂದ ಬಹಳ ಕಿರುಕುಳ ಅನುಭವಿಸಿದರು. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಆ ಪತ್ರವು ಈತನಲ್ಲಿ ರೋಗವಿಲ್ಲವೆಂದು ಸಾರುತ್ತಿರಲಿಲ್ಲ. ಈತನನ್ನು ಇನ್ನು ಇಷ್ಟು ದಿನ ನೋಡುತ್ತಿರಬೇಕೆಂದು ಹೇಳುತ್ತಿತ್ತು. ಸೂಕ್ಷ್ಮಜೀವಿಯನ್ನು ಪ್ರತಿ ಪ್ರಯಾಣಿಕನಲ್ಲೂ ಹುಡುಕುವ ಸಾಧನ ಆ ಕಾಲದವರಿಗಿರಲಿಲ್ಲವಾದ್ದರಿಂದ ಅವರು ದಿನಗಳನ್ನು ನೆಚ್ಚಿದರು. ನಮಗೆ ಸಾಧನ ದೊರೆಯಿತು; ಸಾಧನವಿದ್ದ ಮೇಲೆ ದಿನಗಳು ಬೇಡವೆಂಬ ಭ್ರಮೆಯೂ ಅದರ ಜೊತೆಯಲ್ಲೇ ಬಂದಿತು.

ಇದೇ ತಪ್ಪನ್ನು ಬೇಗ ಅರಿತುಕೊಂಡು ತಿದ್ದಿಕೊಂಡ ದ್ವೀಪವೊಂದುಂಟು. ಐಸ್‌ಲೆಂಡಿನ ಸರಕಾರ ೨೦೨೦ರ ಜೂನ್ ೧೫ರಿಂದ ಪ್ರಯಾಣಿಕರಿಗೆ ಹದಿನಾಲ್ಕು ದಿನದ ಪ್ರತ್ಯೇಕವಾಸಕ್ಕೆ ಬದಲಾಗಿ ಬಂದ ಕೂಡಲೆ ಒಂದು ಪರೀಕ್ಷೆಯನ್ನು ಮಾಡಿಸಿಕೊಳ್ಳುವ ಅವಕಾಶವನ್ನು ಕೊಟ್ಟಿತು. ಒಂದೇ ಪರೀಕ್ಷೆ ಸಾಲದೆಂದು ಅನುಭವದಿಂದ ತಿಳಿದಾಗ, ಆಗಸ್ಟ್ ೧೯ರಿಂದ ಎಲ್ಲರಿಗೂ ಎರಡು ಪರೀಕ್ಷೆಗಳನ್ನೂ ಅವುಗಳ ನಡುವೆ ಐದು ದಿನದ ಪ್ರತ್ಯೇಕವಾಸವನ್ನೂ ವಿಧಿಸಿತು. ಲಕ್ಷದ್ವೀಪದ ನಿಯಮ ಬದಲಾದದ್ದು ಇದಾದ ನಾಲ್ಕು ತಿಂಗಳ ಮೇಲೆ. ಕಾಯುವ ಅವಧಿಯನ್ನು ಕಡಿಮೆ ಮಾಡಲೇಬೇಕಾಗಿದ್ದರೆ ಅನುಸರಿಸಬಹುದಾದ ಮೇಲ್ಪಂಕ್ತಿ ಆ ವೇಳೆಗೆ ಸಿದ್ಧವಾಗಿತ್ತು.

೫

ಎರಡನೆಯ ನಿಯಮದ ಪರವಾಗಿ ಹೇಳಬಹುದಾದ ಮಾತುಗಳನ್ನೂ ನ್ಯಾಯವಾಗಿ ತೂಗಬೇಕು. ವ್ಯಾಪಾರ, ಕಟ್ಟಡದ ಕೆಲಸ, ಪ್ರವಾಸೋದ್ಯಮ ಎಲ್ಲವೂ ನಿಂತು ಹೋದರೆ ಜನ ಬದುಕುವುದು ಹೇಗೆಂಬುದು ಮೊದಲನೆಯ ಮಾತು. ಆಡಳಿತದ ಕಡೆಯವರು ಮುಂದಕ್ಕೆ ಇಟ್ಟ ಸಮರ್ಥನೆಯೂ ಬಹುಮಟ್ಟಿಗೆ ಇದೇ. ಈ ಮಾತಿನಲ್ಲಿ ಸತ್ಯವಿದೆ. ಮೊದಲನೆಯ ನಿಯಮದ ಭಾರ ಹಗುರವಾಗಿರಲಿಲ್ಲ. ಚಿಕಿತ್ಸೆಗೆಂದು ಕೊಚ್ಚಿಗೆ ಹೋದವನು ಹಿಂದಿರುಗಬೇಕಾದರೆ ವಾರಗಟ್ಟಲೆ ಮನೆಯವರನ್ನೂ ಕೆಲಸವನ್ನೂ ಬಿಟ್ಟಿರಬೇಕು. ಹೊರನಾಡಿನಲ್ಲಿ ಓದುವ ಹುಡುಗರು, ಹೆರಿಗೆಗೆಂದು ಹೋದ ಹೆಂಗಸರು, ಸಾವಿನ ಸುದ್ದಿ ಕೇಳಿ ಹೊರಟವರು ಎಲ್ಲರಿಗೂ ಒಂದೇ ಅಳತೆ. ಇಂಥ ನಿಯಮದಲ್ಲಿ ದಿನಗೂಲಿಯವನಿಗೆ ಆಗುವ ನಷ್ಟವೂ ಸಂಬಳದ ನೌಕರನಿಗೆ ಆಗುವ ನಷ್ಟವೂ ಸಮವಾಗಿರುವುದು ಸಾಧ್ಯವಿಲ್ಲ.

ಆದರೆ ಈ ಭಾರವನ್ನು ಹೊತ್ತವರು ಯಾರು, ಅದರಿಂದ ರಕ್ಷಣೆ ಪಡೆದವರು ಯಾರು ಎಂಬುದನ್ನು ಕೇಳಿದಾಗ ಒಂದು ವಿಶೇಷ ಕಾಣುತ್ತದೆ. ಇಬ್ಬರೂ ಬಹುಮಟ್ಟಿಗೆ ಒಂದೇ ಜನ. ಕೊಚ್ಚಿಯಲ್ಲಿ ಕಾದವನು ತನ್ನ ತಾಯಿತಂದೆಗಳಿಗಾಗಿ, ತನ್ನ ಓಣಿಯವರಿಗಾಗಿ ಕಾದನು. ನಿಯಮ ಕಠಿಣವಾಗಿದ್ದರೂ ಅದನ್ನು ಅವರು ಪಾಲಿಸಿದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು. ಅದೇ ೨೦೨೦ರ ಮಾರ್ಚಿಯಲ್ಲಿ ನಮ್ಮ ರಾಜ್ಯದಲ್ಲಿ ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆಯನ್ನೊತ್ತಲಾಯಿತು. ಗೃಹವಾಸದಲ್ಲಿರುವವರ ವಿಳಾಸಗಳನ್ನು ಪ್ರಕಟಿಸಲಾಯಿತು. ಅಲ್ಲಿ ಪ್ರಯಾಣಿಕನು ಶಂಕಿತ. ನೆರೆಯವರು ಅವನ ಮೇಲಿನ ಕಾವಲು. ರೋಗವನ್ನು ತಡೆಯುವ ಕೆಲಸದಲ್ಲಿ ಅವಮಾನವನ್ನು ಸೇರಿಸಿದರೆ ಜನ ರೋಗವನ್ನು ಮುಚ್ಚಿಡಲು ಕಲಿಯುತ್ತಾರೆ. ೧೮೯೮ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ದಂಗೆಯೆದ್ದ ಪ್ರಸಂಗ ಈ ಪಾಠವನ್ನು ಹಿಂದೆಯೇ ಹೇಳಿತ್ತು.

ಭಾರವು ಅನ್ಯಾಯವಾಗಿ ಬಿದ್ದಾಗ ಒಳ್ಳೆಯ ನಿಯಮವೂ ಕೆಡುತ್ತದೆಂಬುದಕ್ಕೆ ನ್ಯೂಜಿಲೆಂಡ್ ನಿದರ್ಶನ. ೨೦೨೦ರ ಏಪ್ರಿಲ್ ತಿಂಗಳಿನಿಂದ ಆ ದೇಶಕ್ಕೆ ಬಂದವರೆಲ್ಲರೂ ಸರಕಾರ ಗೊತ್ತುಮಾಡಿದ ಹೋಟೆಲುಗಳಲ್ಲಿ ಹದಿನಾಲ್ಕು ದಿನ ಇರಬೇಕಾಗಿತ್ತು. ಆ ಅವಧಿಯೊಳಗೆ ಪರೀಕ್ಷೆಗಳೂ ನಡೆಯುವಂತಾಯಿತು. ಐವತ್ತು ಲಕ್ಷ ಜನರ ಆ ದೇಶದಲ್ಲಿ ೨೦೨೧ರ ಕೊನೆಯವರೆಗೆ ಈ ರೋಗದಿಂದ ಸತ್ತವರು ಐವತ್ತರ ಆಸುಪಾಸು. ರಕ್ಷಣೆಯ ದೃಷ್ಟಿಯಿಂದ ಇದು ಅಸಾಮಾನ್ಯವಾದ ಜಯ. ಆದರೆ ಕೊಠಡಿಗಳು ಸಾಲದೆ ೨೦೨೧ರಲ್ಲಿ ಅವುಗಳ ಹಂಚಿಕೆ ಲಾಟರಿಯ ರೂಪವನ್ನು ತಾಳಿತು. ಸಾಯುತ್ತಿರುವ ತಂದೆಯನ್ನು ನೋಡಬೇಕಾದವನೂ ವಿಹಾರಕ್ಕೆ ಹೋಗಿ ಬರುವವನೂ ಒಂದೇ ಸರದಿಯಲ್ಲಿ ನಿಲ್ಲಬೇಕಾಯಿತು. ೨೦೨೧ರ ಏಪ್ರಿಲ್ ೧೧ರಿಂದ ೨೮ರವರೆಗೆ ಭಾರತದಿಂದ ಬರುವವರ ಪ್ರವೇಶವನ್ನೇ, ತನ್ನ ಪ್ರಜೆಗಳನ್ನೂ ಸೇರಿಸಿ, ಆ ಸರಕಾರ ನಿಲ್ಲಿಸಿತು. ಪ್ರತ್ಯೇಕವಾಸದ ವ್ಯವಸ್ಥೆ ಸಮರ್ಥನೀಯವಾದರೂ ಲಾಟರಿಯ ಹಂಚಿಕೆಯು ಪ್ರಜೆಗಳು ತಾಯ್ನಾಡಿಗೆ ಮರಳುವ ಹಕ್ಕನ್ನು ಅನುಚಿತವಾಗಿ ಮೊಟಕುಮಾಡಿತೆಂದು ಅಲ್ಲಿಯ ಹೈಕೋರ್ಟು ೨೦೨೨ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಈ ತೀರ್ಪು ನಮಗೆ ಬಹಳ ಉಪಯುಕ್ತ. ಕಾಯಿಸುವುದು ತಪ್ಪಲ್ಲ, ಯಾರ ಕಷ್ಟ ಎಂಥದೆಂದು ನೋಡದೆ ಕಾಯಿಸುವುದು ತಪ್ಪು.

ರೋಗ ಎಂದಾದರೊಂದು ದಿನ ಬರಲೇಬೇಕಾಗಿತ್ತು, ಆದುದರಿಂದ ನಿಯಮ ಬದಲಾದರೂ ಇದ್ದರೂ ಒಂದೇ ಎಂಬುದು ಎರಡನೆಯ ಮಾತು. ಇದರ ಪೂರ್ವಾರ್ಧವನ್ನು ಒಪ್ಪಬಹುದು. ನ್ಯೂಜಿಲೆಂಡಿನ ಅಷ್ಟು ಬಿಗಿಯಾದ ಕಾವಲನ್ನೂ ೨೦೨೧ರ ಆಗಸ್ಟಿನಲ್ಲಿ ಡೆಲ್ಟಾ ತಳಿ ದಾಟಿತು. ಆದರೆ ಉತ್ತರಾರ್ಧ ಸರಿಯಲ್ಲ. ಏತಕ್ಕೆಂದರೆ ರೋಗ ಬರುವ ದಿನ ಯಾವುದೆಂಬುದರ ಮೇಲೆ ಎಲ್ಲವೂ ನಿಂತಿದೆ. ಭಾರತದಲ್ಲಿ ಲಸಿಕೆಯ ಕಾರ್ಯ ಆರಂಭವಾದದ್ದು ೨೦೨೧ರ ಜನವರಿ ೧೬ರಂದು. ಲಕ್ಷದ್ವೀಪದಲ್ಲಿ ಮೊದಲ ಪ್ರಕರಣ ವರದಿಯಾದದ್ದು ಜನವರಿ ೧೮ರಂದು. ನಲವತ್ತೈದು ವರ್ಷ ಮೀರಿದವರಿಗೆಲ್ಲ ಏಪ್ರಿಲ್ ೧ರಿಂದಲೂ ಹದಿನೆಂಟು ಮೀರಿದವರಿಗೆ ಮೇ ೧ರಿಂದಲೂ ಲಸಿಕೆ ಪಡೆಯುವ ಅರ್ಹತೆ ಬಂದಿತು. ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ರೋಗವನ್ನು ಹೊರಗಿಟ್ಟಿದ್ದ ದ್ವೀಪಗಳು ಇನ್ನು ಆರೇಳು ತಿಂಗಳು ಕಾದಿದ್ದರೆ ವೃದ್ಧರಲ್ಲಿ ಬಹುಮಂದಿ ಲಸಿಕೆಯ ರಕ್ಷಣೆಯೊಡನೆ ರೋಗವನ್ನು ಎದುರಿಸುತ್ತಿದ್ದರು. ಪ್ರತ್ಯೇಕವಾಸದಿಂದ ದೊರೆಯುವ ಲಾಭವೆಂದರೆ ಕಾಲ. ಆ ಕಾಲದಲ್ಲಿ ಮಾಡಬೇಕಾದ ಕೆಲಸ ಕೈಗೆ ಬಂದ ಗಳಿಗೆಯಲ್ಲೇ ಅದನ್ನು ಬಿಟ್ಟುಕೊಟ್ಟಂತಾಯಿತು. ಎರಡನೆಯ ನಿಯಮದ ಮೇಲೆ ಹೊರಿಸಬೇಕಾದ ಮುಖ್ಯ ಆಕ್ಷೇಪ ಇದೇ.

೬

ಇನ್ನು ಮೂರನೆಯ ಪ್ರಶ್ನೆ. ನಮ್ಮ ದೇಶದಲ್ಲಿ ಇಂಥ ಆಜ್ಞೆಗಳಿಗೆ ಬಲ ಕೊಟ್ಟದ್ದು ೧೮೯೭ರ ಸಾಂಕ್ರಾಮಿಕ ರೋಗಗಳ ಅಧಿನಿಯಮ ಮತ್ತು ೨೦೦೫ರ ವಿಪತ್ತು ನಿರ್ವಹಣಾ ಅಧಿನಿಯಮ. ಮೊದಲನೆಯದು ಮುಂಬಯಿಯ ಪ್ಲೇಗಿನ ಗಾಬರಿಯಲ್ಲಿ ಹುಟ್ಟಿದ್ದು. ಮೂಲದಲ್ಲಿ ಅದಕ್ಕೆ ಇದ್ದುದು ನಾಲ್ಕೇ ಪ್ರಕರಣಗಳು. ಪ್ರಯಾಣಿಕರನ್ನು ತಪಾಸಣೆ ಮಾಡುವ, ಪ್ರತ್ಯೇಕಿಸುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಗೆ ರಕ್ಷಣೆಯನ್ನೂ ಕೊಟ್ಟಿತು. ಆಜ್ಞೆಗೆ ಕಾರಣ ಹೇಳಬೇಕೆಂದಾಗಲಿ, ಇಷ್ಟು ದಿನಕ್ಕೊಮ್ಮೆ ಅದನ್ನು ಪುನಃ ಪರಿಶೀಲಿಸಬೇಕೆಂದಾಗಲಿ, ಆಜ್ಞೆಗೆ ಒಳಗಾಗುವ ಜನರನ್ನು ಕೇಳಬೇಕೆಂದಾಗಲಿ ಅದರಲ್ಲಿ ಒಂದು ಮಾತೂ ಇಲ್ಲ. ಪರಾಧೀನ ಪ್ರಜೆಗಳಿಗಾಗಿ 'ಬರೆದ ಕಾನೂನಿನಲ್ಲಿ ಅಂಥ ಮಾತು ಇಲ್ಲದಿರುವುದು ಆಶ್ಚರ್ಯವಲ್ಲ. ಸ್ವತಂತ್ರ ದೇಶ ಅದನ್ನೇ ಹಿಡಿದು ನಡೆದದ್ದು ವಿಚಾರಾರ್ಹ.

ಲಕ್ಷದ್ವೀಪದ ಮಟ್ಟಿಗೆ ಈ ಕೊರತೆ ಇನ್ನೂ ತೀವ್ರ. ಅಲ್ಲಿ ವಿಧಾನಸಭೆಯಿಲ್ಲ, ರಾಷ್ಟ್ರಪತಿಗಳು ನೇಮಿಸಿದ ಆಡಳಿತಾಧಿಕಾರಿ ಆಳುತ್ತಾರೆ. ಆ ಕಾಲದಲ್ಲಿ ಜನ ಆರಿಸಿದವರೆಂದರೆ ಒಬ್ಬ ಲೋಕಸಭಾ ಸದಸ್ಯರು ಮತ್ತು ಪಂಚಾಯತಿಗಳು. ಪ್ರವೇಶದ ನಿಯಮ ಬದಲಾದಾಗ ದ್ವೀಪಗಳಲ್ಲಿ ಆಕ್ಷೇಪಗಳೆದ್ದುವು, ಆದರೂ ಬದಲಾವಣೆ ಹಾಗೆಯೇ ಉಳಿಯಿತು. ೨೦೨೧ರ ಮೇ ತಿಂಗಳಲ್ಲಿ ಆರೋಗ್ಯ, ಶಿಕ್ಷಣ ಮೊದಲಾದ ಇಲಾಖೆಗಳ ವಿಷಯದಲ್ಲಿ ಜಿಲ್ಲಾ ಪಂಚಾಯತಿಗಿದ್ದ ಅಧಿಕಾರವನ್ನೂ ಆಡಳಿತ ಹಿಂತೆಗೆದುಕೊಂಡಿತು. ಜೂನ್ ತಿಂಗಳಲ್ಲಿ, ನಿಯಮ ಬದಲಾಯಿಸಿ ರೋಗವನ್ನು ಜನರ ಮೇಲೆ ಬಿಟ್ಟರೆಂಬ ಅರ್ಥದ ಕಟುವಾದ ಮಾತೊಂದನ್ನು ದೂರದರ್ಶನದ ಚರ್ಚೆಯಲ್ಲಿ ಆಡಿದ ದ್ವೀಪದ ಚಲನಚಿತ್ರ ನಿರ್ದೇಶಕಿಯೊಬ್ಬರ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾಯಿತು. ಕೇರಳದ ಹೈಕೋರ್ಟು ಅವರಿಗೆ ನಿರೀಕ್ಷಣಾ ಜಾಮೀನು ಕೊಟ್ಟಿತು. ಅವರು ಬಳಸಿದ ಮಾತು ಅಳತೆ ಮೀರಿತ್ತೆಂದು ಒಪ್ಪಿದರೂ, ಆ ಮಾತಿನ ಹಿಂದೆ ಇದ್ದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾಗಿದ್ದುದು ಅಂಕಿ ಅಂಶಗಳಿಂದ.

ಐಸ್‌ಲೆಂಡಿನಲ್ಲಿ ನಡೆದದ್ದನ್ನು ಇದಕ್ಕೆ ಹೋಲಿಸಿ ನೋಡಬಹುದು. ೨೦೨೧ರ ಏಪ್ರಿಲ್ ೧ರಿಂದ ಅಪಾಯ ಹೆಚ್ಚಿರುವ ದೇಶಗಳಿಂದ ಬಂದವರು ಕಡ್ಡಾಯವಾಗಿ ಸರಕಾರದ ಹೋಟೆಲಿನಲ್ಲೇ ಇರಬೇಕೆಂದು ಅಲ್ಲಿಯ ಸರಕಾರ ವಿಧಿಸಿತು. ಮನೆಯಲ್ಲೇ ಪ್ರತ್ಯೇಕವಾಗಿರಲು ಸಾಧ್ಯವಿರುವವರನ್ನು ಹೀಗೆ ಹೋಟೆಲಿನಲ್ಲಿ ಇರಿಸುವುದಕ್ಕೆ ಕಾನೂನಿನ ಆಧಾರವಿಲ್ಲವೆಂದು ರೇಕ್ಯಾವಿಕ್ ಜಿಲ್ಲಾ ನ್ಯಾಯಾಲಯ ಏಪ್ರಿಲ್ ೫ರಂದೇ ತೀರ್ಪಿತ್ತಿತು. ನಿಯಮ ಬಂದ ಐದನೆಯ ದಿನ ಅದನ್ನು ಪ್ರಶ್ನಿಸಿ ಉತ್ತರ ಪಡೆಯುವುದು ಸಾಧ್ಯವಾಯಿತು. ಪ್ರತ್ಯೇಕವಾಸ ನಿಲ್ಲಲಿಲ್ಲ, ಪರೀಕ್ಷೆಗಳು ನಿಲ್ಲಲಿಲ್ಲ. ಕಾನೂನನ್ನು ಮೀರಿದ ಭಾಗವಷ್ಟೇ ಬಿದ್ದುಹೋಯಿತು. ಪ್ರಶ್ನಿಸುವ ಅವಕಾಶವಿದ್ದರೆ ರೋಗನಿವಾರಣೆ ಕುಸಿಯುತ್ತದೆಂಬ ಭಯಕ್ಕೆ ಆಧಾರವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

೭

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಲಕ್ಷದ್ವೀಪದ ಮೊದಲನೆಯ ನಿಯಮವು ರೋಗದ ಸ್ವಭಾವಕ್ಕೆ ಹೊಂದಿಕೊಂಡಿತ್ತು. ಭಾರದ ಹಂಚಿಕೆಯಲ್ಲಿ ಅದಕ್ಕೆ ಕೊರತೆಗಳಿದ್ದುವು. ಆ ಕೊರತೆಗಳನ್ನು ತುಂಬುವ ಉಪಾಯಗಳು ಇದ್ದೇ ಇದ್ದುವು: ದಿನಗೂಲಿಯವರಿಗೆ ಪರಿಹಾರ, ರೋಗಿಗಳಿಗೂ ಸಾವಿನ ಮನೆಯವರಿಗೂ ಬೇರೆ ಕ್ರಮ, ಕಾಲ ಕಡಿಮೆಯಾಗಲೇಬೇಕಾದರೆ ನಡುವೆ ಅಂತರವುಳ್ಳ ಎರಡು ಪರೀಕ್ಷೆಗಳು. ಎರಡನೆಯ ನಿಯಮವು ಕೊರತೆಗಳನ್ನು ತುಂಬಲಿಲ್ಲ, ಗುಣವನ್ನೇ ತೆಗೆದುಹಾಕಿತು. ಪರೀಕ್ಷೆಯು ಕಾಯುವಿಕೆಗೆ ಸಹಾಯಕವೆಂಬುದನ್ನು ಮರೆತು, ಅದಕ್ಕೆ ಬದಲಿ ಎಂದು ಎಣಿಸಿತು. ಆ ಬದಲಾವಣೆಯ ಕಾರಣವನ್ನು ಜನರ ಮುಂದಿಟ್ಟು ಅವರ ಸಮ್ಮತಿಯನ್ನು ಪಡೆಯುವ ಕೆಲಸವೂ ನಡೆಯಲಿಲ್ಲ.

ಮುಂದೆ ಇನ್ನೊಂದು ರೋಗ ಬರುವುದಿಲ್ಲವೆಂದು ನಂಬಲು ಚರಿತ್ರೆಯಲ್ಲಿ ಆಧಾರವಿಲ್ಲ. ಅದರ ಸುಪ್ತಕಾಲ ಐದು ದಿನವಾಗಿರಬಹುದು, ಇಪ್ಪತ್ತು ದಿನವಾಗಿರಬಹುದು. ಅದನ್ನು ಹಿಡಿಯುವ ಪರೀಕ್ಷೆ ಇಂದಿನದಕ್ಕಿಂತ ಉತ್ತಮವಾಗಿರಬಹುದು. ಆಗಲೂ ದ್ವೀಪದ ಬಂದರಿನಲ್ಲಿ ನಿಂತ ಅಧಿಕಾರಿ ಪ್ರಯಾಣಿಕನನ್ನು ಕೇಳಬೇಕಾದ ಮೊದಲ ಪ್ರಶ್ನೆ ಪಾನುಮ್ ಫೆರೋ ದ್ವೀಪಗಳಲ್ಲಿ ಊರೂರಿಗೆ ಹೋಗಿ ಕೇಳಿದ ಪ್ರಶ್ನೆಯೇ: ನೀನು ರೋಗವಿದ್ದ ಕಡೆಯಿಂದ ಹೊರಟು ಎಷ್ಟು ದಿನವಾಯಿತು? ಆ ಪ್ರಶ್ನೆಯನ್ನು ಬಿಟ್ಟ ನಿಯಮಗಳಿಗೆ ಏನಾಯಿತೆಂಬುದು ಆಪಿಯದಲ್ಲಿಯೂ ಕವರತ್ತಿಯಲ್ಲಿಯೂ ದಾಖಲಾಗಿದೆ. ಆ ದಾಖಲೆಗಳನ್ನು ಅನುಬಂಧದಿಂದ ಗ್ರಂಥದ ಮಧ್ಯಕ್ಕೆ ತರುವುದು ನಮ್ಮ ಕಾಲೇಜುಗಳ ಚರಿತ್ರೆಯ ವಿಭಾಗಗಳಿಂದ ಆಗಬೇಕಾದ ಕೆಲಸ.